ಮಲೆನಾಡಿನ ರಸ್ತೆಯಲ್ಲಿ ಸೆಲೆರಿಯೋ: ಕಾಗದದ ಮೈಲೇಜು, ಕೈಗೆ ಸಿಗುವ ಮೈಲೇಜು

ಶಿವಮೊಗ್ಗ ಜಿಲ್ಲೆಯಲ್ಲಿ ಸಣ್ಣ ಕಾರು ಕೊಳ್ಳಲು ಹೊರಟವರು ಬಣ್ಣಕ್ಕಿಂತ, ಒಮ್ಮೊಮ್ಮೆ ಬೆಲೆಗಿಂತಲೂ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಎಂಬುದು. ಪೆಟ್ರೋಲಿನ ದರ ಲೀಟರಿಗೆ ನೂರು ರೂಪಾಯಿ ದಾಟಿರುವಾಗ, ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಆಸ್ಪತ್ರೆಗೆ, ಅಡಿಕೆ ಮಂಡಿಗೆ, ಮಕ್ಕಳ ಕಾಲೇಜಿಗೆಂದು ಶಿವಮೊಗ್ಗಕ್ಕೆ ಬಂದು ಹೋಗಲೇಬೇಕಾದ ಮನೆಗಳಿಗೆ ಇದು ತೀರ ನ್ಯಾಯವಾದ ಪ್ರಶ್ನೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರು ಲೀಟರಿಗೆ 18ರ ಬದಲು 22 ಕಿ.ಮೀ. ಕೊಟ್ಟರೆ ಹತ್ತು ಲೀಟರ್ ಪೆಟ್ರೋಲ್, ಅಂದರೆ ಸಾವಿರ ರೂಪಾಯಿಗೂ ಮಿಗಿಲಾದ ಹಣ ಉಳಿಯುತ್ತದೆ. ಈ ನಾಲ್ಕು ಕಿಲೋಮೀಟರಿನ ಅಂತರ ಎಲ್ಲಿ ಹುಟ್ಟುತ್ತದೆ, ಅದರಲ್ಲಿ ಕಾರಿನ ಪಾಲೆಷ್ಟು, ನಮ್ಮ ರಸ್ತೆಯ ಪಾಲೆಷ್ಟು, ಓಡಿಸುವವರ ಕಾಲಿನ ಪಾಲೆಷ್ಟು ಎಂಬುದನ್ನು ನಾನು ಓಡಿಸುತ್ತಿರುವ ಮಾರುತಿ ಸುಜುಕಿ ಸೆಲೆರಿಯೋವನ್ನು ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ನನ್ನ ಬಳಿ ಇರುವುದು 2021ರ ನವೆಂಬರಿನಲ್ಲಿ ಬಿಡುಗಡೆಯಾದ ಎರಡನೆಯ ತಲೆಮಾರಿನ ಮ್ಯಾನುಯಲ್ ಗೇರಿನ ಕಾರು. ಇದರ 998 ಸಿಸಿ, ಮೂರು ಸಿಲಿಂಡರಿನ ಕೆ10ಸಿ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡೆರಡು ಇಂಜೆಕ್ಟರುಗಳಿವೆ; ಪೆಟ್ರೋಲು ಹೆಚ್ಚು ನುಣುಪಾದ ತುಂತುರಾಗಿ ಒಳಗೆ ಹೋಗಿ ಪೂರ್ಣವಾಗಿ ಉರಿಯಲಿ ಎಂಬುದು ಅದರ ಉದ್ದೇಶ. ಶಕ್ತಿ ಸುಮಾರು 67 ಪಿಎಸ್, ಎಳೆತ (ಟಾರ್ಕ್) 89 ಎನ್‌ಎಂ. ಇದೇ ಎಂಜಿನ್ 1.0 ಲೀಟರಿನ ವ್ಯಾಗನ್‌ಆರ್‌ನಲ್ಲಿಯೂ ಆಲ್ಟೋ ಕೆ10ನಲ್ಲಿಯೂ ಇರುವುದರಿಂದ, ಮುಂದೆ ಹೇಳುವ ಮಾತುಗಳಲ್ಲಿ ಬಹುಪಾಲು ಆ ಎರಡು ಕಾರುಗಳಿಗೂ ಅನ್ವಯಿಸುತ್ತವೆ. ಮೈಲೇಜಿನ ದೃಷ್ಟಿಯಿಂದ ಎಂಜಿನ್ನಿನಷ್ಟೇ ಮುಖ್ಯವಾದ ಇನ್ನೊಂದು ಗುಣ ಇದರ ತೂಕ. ಎಂಟುನೂರು ಕಿಲೋಗಿಂತ ಸ್ವಲ್ಪವೇ ಹೆಚ್ಚು ತೂಗುವ ಕಾರು ಇದು. ಸಪಾಟು ರಸ್ತೆಯಲ್ಲಿ ಅದರ ಬೆಲೆ ಅಷ್ಟಾಗಿ ಗೊತ್ತಾಗುವುದಿಲ್ಲ. ಏರು, ಇಳಿವು, ತಿರುವು, ಹಂಪುಗಳೇ ತುಂಬಿರುವ ನಮ್ಮ ಕಡೆ ಹಗುರ ಕಾರಿನ ಲಾಭ ಪ್ರತಿ ಕಿಲೋಮೀಟರಿನಲ್ಲೂ ಸಿಗುತ್ತದೆ.

ಕಂಪನಿ ಪ್ರಕಟಿಸಿದ ಅಂಕಿಯಂತೆ ಮ್ಯಾನುಯಲ್ ಸೆಲೆರಿಯೋ ಲೀಟರಿಗೆ 25.24 ಕಿ.ಮೀ., ಎಜಿಎಸ್ ಎಂದು ಕರೆಯುವ ಆಟೊಮ್ಯಾಟಿಕ್ ಗೇರಿನ ವಿಎಕ್ಸ್‌ಐ ಮಾದರಿ 26.68 ಕಿ.ಮೀ. ಓಡುತ್ತದೆ. ಈ ಅಂಕಿಗಳು ಸುಳ್ಳಲ್ಲ, ಆದರೆ ಅವು ರಸ್ತೆಯಲ್ಲಿ ಹುಟ್ಟಿದವುಗಳೂ ಅಲ್ಲ. ಪರೀಕ್ಷಾಲಯದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಎಸಿ ಆರಿಸಿ, ಮೊದಲೇ ಗೊತ್ತುಪಡಿಸಿದ ವೇಗದ ಕ್ರಮದಲ್ಲಿ ಓಡಿಸಿ ಅಳೆಯುತ್ತಾರೆ. ಆ ಕ್ರಮದಲ್ಲಿ ವೇಗ ಗಂಟೆಗೆ 90 ಕಿ.ಮೀ. ಮೀರುವುದಿಲ್ಲ, ಏರಿಲ್ಲ, ಮಳೆಯಿಲ್ಲ, ಎದುರುಗಾಳಿಯಿಲ್ಲ, ಹಿಂದಿನ ಸೀಟಿನಲ್ಲಿ ಮೂವರಿಲ್ಲ. ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಿ ನೋಡುವುದಕ್ಕೆ ಮಾತ್ರ ಆ ಅಂಕಿಯನ್ನು ಬಳಸಬೇಕೇ ಹೊರತು, ಆಗುಂಬೆ ಹತ್ತಿ ಬಂದ ಮೇಲೆ ಅದೇ ಸಿಗಬೇಕೆಂದು ನಿರೀಕ್ಷಿಸಬಾರದು.

ನನಗೆ ಸಿಗುತ್ತಿರುವುದು ಹೀಗಿದೆ. ಶಿವಮೊಗ್ಗ ನಗರದೊಳಗೆ ವಿನೋಬನಗರ, ದುರ್ಗಿಗುಡಿ, ಗಾಂಧಿ ಬಜಾರ್ ಎಂದು ಸುತ್ತಾಡುವ ವಾರಗಳಲ್ಲಿ 17ರ ಆಸುಪಾಸು. ತೀರ್ಥಹಳ್ಳಿ ಅಥವಾ ಸಾಗರದ ಕಡೆ ಹೋಗಿ ಬರುವ ಓಟದಲ್ಲಿ 22ರಿಂದ 23. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಮರಳಿ ಹತ್ತಿ ಬಂದರೆ ಒಟ್ಟಾರೆ 20ರ ಮೇಲೆ. ಇದೇ ಕಾರನ್ನು ಮನೆಯ ಬೇರೆಯವರು ಓಡಿಸಿದಾಗ ತೀರ್ಥಹಳ್ಳಿ ರಸ್ತೆಯಲ್ಲೇ 18ಕ್ಕೆ ಇಳಿಯುವುದನ್ನೂ ನೋಡಿದ್ದೇನೆ. ಅವರು ನನಗಿಂತ ವೇಗವಾಗಿ ಹೋಗುತ್ತಾರೆ ಎಂಬುದು ಅದಕ್ಕೆ ಕಾರಣವಲ್ಲ. ಊರು ಮುಟ್ಟುವ ಹೊತ್ತು ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಬ್ರೇಕಿನಲ್ಲಿ.

ಮೈಲೇಜೆಂದರೆ ಆಕ್ಸಿಲರೇಟರ್ ಮೆಲ್ಲಗೆ ಒತ್ತುವುದು ಎಂದು ಬಹಳ ಜನ ತಿಳಿದಿರುತ್ತಾರೆ. ಮಲೆನಾಡಿನ ರಸ್ತೆಗಳಲ್ಲಿ ನಿಜವಾದ ಉಳಿತಾಯ ಇರುವುದು ಬ್ರೇಕ್ ಒತ್ತದಿರುವುದರಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಬ್ಬರೇ ಕುಳಿತ ಸೆಲೆರಿಯೋವನ್ನು 60 ಕಿ.ಮೀ. ವೇಗಕ್ಕೆ ತರಲು ಎಂಜಿನ್ ಖರ್ಚು ಮಾಡುವ ಶಕ್ತಿಯನ್ನು ಪೆಟ್ರೋಲಿನ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು 14 ಮಿಲಿಲೀಟರ್ ಆಗುತ್ತದೆ; ಮಕ್ಕಳಿಗೆ ಕೆಮ್ಮಿನ ಔಷಧಿ ಅಳೆದು ಕೊಡುವ ಮುಚ್ಚಳದ ತುಂಬ ಅಷ್ಟೇ. ಹಂಪಿನ ಮುಂದೆ ಬ್ರೇಕ್ ತುಳಿದು ವೇಗವನ್ನು ಹದಿನೈದಕ್ಕೆ ಇಳಿಸಿದಾಗ ಆ ಮುಚ್ಚಳದ ಪೆಟ್ರೋಲನ್ನು ಬಹುತೇಕ ಪೂರ್ತಿಯಾಗಿ ಬ್ರೇಕಿನ ಡಿಸ್ಕುಗಳ ಬಿಸಿಯಾಗಿ ಗಾಳಿಗೆ ಬಿಟ್ಟಂತಾಯಿತು, ಹಂಪು ದಾಟಿದ ಮೇಲೆ ಮತ್ತೊಂದು ಮುಚ್ಚಳವನ್ನು ಎಂಜಿನ್ನಿಗೆ ಹೊಸದಾಗಿ ಸುರಿಯಬೇಕು. ಇಪ್ಪತ್ತು ಸಲ ಹೀಗೆ ಮಾಡಿದರೆ ಕಾಲು ಲೀಟರು ದಾಟುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಇರುವುದೇ ಅರವತ್ತು ಕಿಲೋಮೀಟರಿನಷ್ಟು, ಅದಕ್ಕೆ ಒಟ್ಟು ಬೇಕಾಗುವುದು ಮೂರು ಲೀಟರಿಗಿಂತ ಕಡಿಮೆ. ಅದರಲ್ಲಿ ಕಾಲು ಲೀಟರೆಂದರೆ ಹತ್ತರಲ್ಲೊಂದು ಪಾಲಿನ ಹತ್ತಿರ ಬಂತು.

ಆ ರಸ್ತೆಯನ್ನೇ ನೋಡೋಣ. ಗಾಜನೂರು ದಾಟಿ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಬಂದರೆ ಪ್ರವಾಸಿಗರ ಗಾಡಿಗಳು ರಸ್ತೆಯ ಅಂಚಿಗೆ ನಿಂತಿರುತ್ತವೆ, ಜನ ಅಡ್ಡ ದಾಟುತ್ತಿರುತ್ತಾರೆ. ಅಲ್ಲಿ ನಿಧಾನವಾಗಲೇಬೇಕು ಎಂಬುದು ಈ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಗೊತ್ತಿದ್ದ ಮೇಲೆ ಕೊನೆಯ ತಿರುವಿನವರೆಗೂ ಆಕ್ಸಿಲರೇಟರ್ ಒತ್ತಿಕೊಂಡು ಬಂದು ಅಲ್ಲಿ ಬ್ರೇಕ್ ಹಾಕುವ ಬದಲು, ಇನ್ನೂರು ಮೀಟರ್ ಮೊದಲೇ ಕಾಲು ತೆಗೆದು, ಗೇರಿನಲ್ಲಿಯೇ ಕಾರನ್ನು ಉರುಳಲು ಬಿಡಬೇಕು. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಎಂಜಿನ್ನಿನ ಸುತ್ತು ಐಡ್ಲಿಂಗ್‌ಗಿಂತ (ಕಾರು ನಿಂತಲ್ಲೇ ಎಂಜಿನ್ ಓಡುವ ಮಟ್ಟಕ್ಕಿಂತ) ಸಾಕಷ್ಟು ಮೇಲಿರುವವರೆಗೂ ಇಂಜೆಕ್ಟರುಗಳು ಪೆಟ್ರೋಲನ್ನು ಪೂರ್ಣವಾಗಿ ನಿಲ್ಲಿಸುತ್ತವೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆ ಇನ್ನೂರು ಮೀಟರ್ ಓಟಕ್ಕೆ ಖರ್ಚು ಸೊನ್ನೆ. ಮಂಡಗದ್ದೆಯ ಊರೊಳಗೆ ಹೋಗುವ ಮುನ್ನ, ಶಾಲೆಗಳ ಮುಂದೆ, ಸೇತುವೆಗಳು ಕಿರಿದಾಗುವ ಕಡೆ ಹೀಗೆಯೇ ಮಾಡಬಹುದು. ಇದಕ್ಕೆ ಬೇಕಾಗಿರುವುದು ರಸ್ತೆಯನ್ನು ಬಾನೆಟ್ಟಿನ ಮುಂದಿನ ಇಪ್ಪತ್ತು ಅಡಿಗಳಲ್ಲಿ ನೋಡದೆ ದೂರದವರೆಗೆ ಓದುವ ಅಭ್ಯಾಸ, ಮತ್ತು ಮುಂದಿನ ಬಸ್ಸಿಗೆ ಅಂಟಿಕೊಂಡು ಹೋಗದೆ ನಡುವೆ ಜಾಗ ಬಿಡುವ ತಾಳ್ಮೆ. ಅಂಟಿಕೊಂಡು ಹೋಗುವವರು ಬಸ್ಸಿನ ಡ್ರೈವರ್ ತುಳಿದಾಗಲೆಲ್ಲ ತಾವೂ ಬ್ರೇಕ್ ತುಳಿಯಬೇಕಾಗುತ್ತದೆ.

ಇನ್ನು ಗೇರಿನ ವಿಷಯ. ಬೇಗ ಬೇಗ ಮೇಲಿನ ಗೇರಿಗೆ ಹೋಗಬೇಕು ಎಂಬ ಸಲಹೆ ಸಪಾಟು ರಸ್ತೆಗೆ ಸರಿಯೇ. ಸೆಲೆರಿಯೋದ ಐದನೆಯ ಗೇರು 55ರಿಂದ 70ರ ವೇಗದಲ್ಲಿ ನೆಮ್ಮದಿಯಾಗಿ ಓಡುತ್ತದೆ, ಅತ್ಯುತ್ತಮ ಮೈಲೇಜು ಸಿಗುವುದೂ ಅದೇ ವ್ಯಾಪ್ತಿಯಲ್ಲಿ. ಆದರೆ ಈ ಎಂಜಿನ್ನಿನ ಗರಿಷ್ಠ ಎಳೆತ ಸಿಗುವುದು 3,500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 3,500 ಸುತ್ತು ತಿರುಗುವಾಗ. ಏರಿನಲ್ಲಿ ನಾಲ್ಕನೆಯ ಗೇರಿನಲ್ಲೇ ಹಟ ಹಿಡಿದು ಕೂತರೆ ಮೂರು ಸಿಲಿಂಡರಿನ ಎಂಜಿನ್ ನಡುಗಿ ಗುದ್ದುವುದು ಸೀಟಿನಲ್ಲಿಯೇ ಅನುಭವಕ್ಕೆ ಬರುತ್ತದೆ. ಆಗ ಕಾಲು ಇನ್ನಷ್ಟು ಒತ್ತಬೇಕಾಗುತ್ತದೆ, ಮಿಶ್ರಣಕ್ಕೆ ಹೆಚ್ಚು ಪೆಟ್ರೋಲ್ ಬೀಳುತ್ತದೆ, ವೇಗ ಮಾತ್ರ ಏರುವುದಿಲ್ಲ. ನಡುಕ ಶುರುವಾಗುವ ಮೊದಲೇ ಮೂರಕ್ಕೆ ಇಳಿಸಿ, ಎಂಜಿನ್ ಹಗುರವಾಗಿ ಹಾಡಿಕೊಂಡು ಏರಲು ಬಿಡುವುದೇ ಅಗ್ಗ. ಸಣ್ಣ ಎಂಜಿನ್ನಿನ ಕಾರನ್ನು ಕಡಿಮೆ ಗೇರಿನಲ್ಲಿ ಓಡಿಸಿದರೆ ಪೆಟ್ರೋಲ್ ಕುಡಿಯುತ್ತದೆಂಬ ಹೆದರಿಕೆಯಿಂದ ಅದನ್ನು ಏರಿನಲ್ಲಿ ಉಸಿರುಗಟ್ಟಿಸುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಹಣವೂ ಉಳಿಯುವುದಿಲ್ಲ, ಎಂಜಿನ್ನಿಗೂ ಕ್ಲಚ್ಚಿಗೂ ಪೆಟ್ಟು.

ಆಗುಂಬೆ ಘಾಟಿಯಲ್ಲಿ ಈ ಮಾತಿನ ಪರೀಕ್ಷೆ ಚೆನ್ನಾಗಿ ಆಗುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ರಸ್ತೆ ಸುಮಾರು 500 ಮೀಟರ್ ಎತ್ತರಕ್ಕೆ ಏರುತ್ತದೆ. ಜನರೂ ಸಾಮಾನೂ ಸೇರಿ 1,100 ಕಿಲೋ ಆಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು, ಬೇರೆ ಯಾವ ಖರ್ಚನ್ನೂ ಹಿಡಿಯದೆ, ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕು. ಯಾವ ಚಾಲಕನ ಜಾಣತನವೂ ಇದನ್ನು ತಪ್ಪಿಸಲಾರದು. ತೂಕ ಕಡಿಮೆಯಿದ್ದಷ್ಟು ಇದು ಕಡಿಮೆ, ಅಷ್ಟೇ. ದೊಡ್ಡ ಎಸ್‌ಯುವಿಯ ಪಕ್ಕದಲ್ಲಿ ಸೆಲೆರಿಯೋ ಗೆಲ್ಲುವುದು ಇಲ್ಲಿಯೇ. ಏರುವಾಗ ತಿರುವುಗಳನ್ನು ಎರಡನೆಯ ಗೇರಿನಲ್ಲಿ ಒಂದೇ ಸಮನೆ ತೆಗೆದುಕೊಂಡು, ನಡುವೆ ನಿಲ್ಲದೆ ಹೋಗುವುದು ಮುಖ್ಯ. ಘಾಟಿಯಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ವಾರಾಂತ್ಯದಲ್ಲಿ ಮೇಲಿನಿಂದ ಬರುವ ಅನೇಕರು ಅದನ್ನು ಪಾಲಿಸದೆ ತಿರುವಿನ ಮಧ್ಯಕ್ಕೇ ನುಗ್ಗುವುದರಿಂದ ಏರುವವರು ನಿಂತು, ಹಾಫ್ ಕ್ಲಚ್ಚಿನಲ್ಲಿ ಮತ್ತೆ ಎತ್ತಬೇಕಾಗುತ್ತದೆ. ಹಾಗಾಗಿ ಸಾಧ್ಯವಿದ್ದರೆ ಬೆಳಗಿನ ಹೊತ್ತು ಏರುವುದು ಒಳ್ಳೆಯದು.

ಇಳಿಯುವಾಗಿನ ಒಂದು ರೂಢಿಯ ಬಗ್ಗೆ ಗಟ್ಟಿಯಾಗಿ ಹೇಳಬೇಕಾಗಿದೆ. ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಅದಕ್ಕೆ ಅಷ್ಟಿಷ್ಟು ಆಧಾರವಿತ್ತು. ಇಂಜೆಕ್ಷನ್ ಎಂಜಿನ್ನಿನಲ್ಲಿ ಅದು ತಲೆಕೆಳಗಾಗಿದೆ: ನ್ಯೂಟ್ರಲ್‌ನಲ್ಲಿ ಎಂಜಿನ್ ತಾನಾಗಿಯೇ ಓಡಬೇಕಾದ್ದರಿಂದ ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ, ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಕಾಲು ಬಿಟ್ಟು ಇಳಿದರೆ ಏನೂ ಉರಿಯುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ಎಂಜಿನ್ನನ್ನೇ ಆರಿಸಿ ಇಳಿಸುತ್ತಾರೆ. ಆಗ ಬ್ರೇಕಿಗೂ ಸ್ಟೀರಿಂಗಿಗೂ ಇರುವ ಶಕ್ತಿಯ ನೆರವು ಹೋಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಿರಿಯ ಡ್ರೈವರುಗಳ ಮಾತು ಸುರಕ್ಷತೆಗೂ ಮೈಲೇಜಿಗೂ ಏಕಕಾಲಕ್ಕೆ ಸರಿಯಾಗಿದೆ.

ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ರಿಂದ 100ಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಭದ್ರಾವತಿ, ತರೀಕೆರೆ ದಾಟಿ ಬೆಂಗಳೂರಿನ ಕಡೆ ಹೋಗುವಾಗ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. ಆಯನೂರು, ಕುಂಸಿ, ಆನಂದಪುರಗಳ ದಾರಿಯಲ್ಲಿ ಸಾಗರಕ್ಕೆ ಹೋಗುವವರಿಗೆ ರಸ್ತೆಯೇ ಆ ಅವಕಾಶ ಕೊಡುವುದು ಕಡಿಮೆ.

ನಗರದೊಳಗೆ 17 ಮಾತ್ರ ಸಿಗುವುದಕ್ಕೆ ಸಿಗ್ನಲ್ಲುಗಳಷ್ಟೇ ಕಾರಣವಲ್ಲ. ಮನೆಯಿಂದ ಮೂರು ಕಿಲೋಮೀಟರ್ ದೂರದ ಅಂಗಡಿಗೆ ಹೋಗಿ ಬರುವಾಗ ಎಂಜಿನ್ ಪೂರ್ತಿ ಬಿಸಿಯೇ ಆಗಿರುವುದಿಲ್ಲ. ತಣ್ಣಗಿರುವ ಎಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಎಣ್ಣೆಯೂ ಗಟ್ಟಿಯಾಗಿರುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಇದು ಇನ್ನೂ ಹೆಚ್ಚು. ಹಾಗೆಂದು ಅಂಗಳದಲ್ಲಿ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿಟ್ಟು ಕಾಯಿಸುವುದು ಶುದ್ಧ ನಷ್ಟ. ಸ್ಟಾರ್ಟ್ ಮಾಡಿ ಅರ್ಧ ನಿಮಿಷದಲ್ಲಿ ಹೊರಟು, ಮೊದಲ ಎರಡು ಮೂರು ಕಿಲೋಮೀಟರನ್ನು ಮೆಲ್ಲಗೆ ಓಡಿಸಿದರೆ ಎಂಜಿನ್ ಬೇಗ ಬಿಸಿಯಾಗುತ್ತದೆ. ಬ್ಯಾಂಕು, ತರಕಾರಿ, ಔಷಧಿ ಅಂಗಡಿಗಳ ಕೆಲಸಗಳನ್ನು ಬೇರೆ ಬೇರೆ ಹೊತ್ತಿಗೆ ಹೊರಟು ಮಾಡುವ ಬದಲು ಒಂದೇ ಸುತ್ತಿನಲ್ಲಿ ಮುಗಿಸುವುದು ಯಾವ ಯಂತ್ರದ ಉಪಾಯಕ್ಕಿಂತಲೂ ದೊಡ್ಡ ಉಳಿತಾಯ.

ಸಿಗ್ನಲ್ಲಿನಲ್ಲಿ ನಿಂತಾಗ ತಾನಾಗಿಯೇ ಎಂಜಿನ್ ಆರಿ, ಕ್ಲಚ್ ಒತ್ತಿದಾಗ ಮತ್ತೆ ಹೊತ್ತಿಕೊಳ್ಳುವ ಐಡಲ್ ಸ್ಟಾರ್ಟ್–ಸ್ಟಾಪ್ ವ್ಯವಸ್ಥೆಯನ್ನು ಅನೇಕರು ಕಾರು ಹತ್ತಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸುತ್ತಾರೆ. ನಾನು ಅದನ್ನು ಇಟ್ಟುಕೊಂಡಿದ್ದೇನೆ. ಗೋಪಿ ಸರ್ಕಲ್, ಅಶೋಕ ಸರ್ಕಲ್‌ಗಳಲ್ಲಿ ಕಾಯುವ ಹೊತ್ತು ಚಿಕ್ಕದೇ ಆದರೂ, ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಎಂಜಿನ್ ಆರಿಸುವುದೇ ಲಾಭ. ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರಿನ ಲಾಂಚಿಗಾಗಿ ಎಂಜಿನ್ ಚಾಲೂ ಇಟ್ಟುಕೊಂಡೇ ಗಾಡಿಗಳ ಸಾಲಿನಲ್ಲಿ ಕಾಯುತ್ತಿದ್ದ ಕಾಲ, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಮುಗಿದಿದೆ. ಆ ಸಾಲಿನಲ್ಲಿ ಸುಟ್ಟ ಪೆಟ್ರೋಲಿನ ಲೆಕ್ಕವನ್ನು ಯಾರೂ ಇಟ್ಟಿರಲಾರರು. ಸ್ಟಾರ್ಟ್–ಸ್ಟಾಪ್ ಇರುವ ಕಾರಿನಲ್ಲಿ ಗಮನಿಸಬೇಕಾದ ವಿಷಯ ಬ್ಯಾಟರಿಯದು. ಇಂಥ ಕಾರುಗಳಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳಬಲ್ಲ ಇಎಫ್‌ಬಿ ಮಾದರಿಯ ಬ್ಯಾಟರಿಯೇ ಬೇಕು. ಬದಲಿಸುವಾಗ ಅಗ್ಗಕ್ಕೆ ಸಿಗುತ್ತದೆಂದು ಸಾಮಾನ್ಯ ಬ್ಯಾಟರಿ ಕೂರಿಸಿದರೆ ಅದು ಬೇಗ ಸೋಲುತ್ತದೆ, ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಟೈರಿನ ಗಾಳಿಯನ್ನು ಎಲ್ಲರೂ ಹೇಳುತ್ತಾರೆ, ಮಾಡುವವರು ಕಡಿಮೆ. ನಾಲ್ಕೂ ಟೈರುಗಳಲ್ಲಿ ಗಾಳಿಯ ಒತ್ತಡ ಒಂದು ಪಿಎಸ್‌ಐ ಇಳಿದರೆ ಮೈಲೇಜು ಶೇ 0.2ರಷ್ಟು ಕುಸಿಯುತ್ತದೆ ಎಂಬುದು ಒಪ್ಪಿತ ಲೆಕ್ಕ. ಕೇಳಲು ಅಲ್ಪವಾದರೂ, ತಿಂಗಳುಗಟ್ಟಲೆ ನೋಡದ ಟೈರಿನಲ್ಲಿ ಏಳೆಂಟು ಪಿಎಸ್‌ಐ ಇಳಿದಿರುವುದು ಅಪರೂಪವಲ್ಲ. ಗಾಳಿಯನ್ನು ಅಳೆಯಬೇಕಾದದ್ದು ಟೈರು ತಣ್ಣಗಿರುವಾಗ. ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿದೆ. ಗಾಳಿ ಹಾಕುವ ಹುಡುಗ ವಾಡಿಕೆಯಂತೆ ಹಾಕುವ ಅಂಕಿಯನ್ನು ಒಪ್ಪದೆ ಅದನ್ನೇ ಹೇಳಿ ಹಾಕಿಸಬೇಕು. ಮೈಲೇಜಿನ ಆಸೆಗೆ ಅದಕ್ಕಿಂತ ಹೆಚ್ಚು ಹಾಕಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಟೈರಿನ ಪೂರ್ತಿ ಅಗಲ ನೆಲ ಹಿಡಿಯಬೇಕು.

ಅದೇ ಮಳೆಯ ಕಾರಣಕ್ಕೆ ಎಸಿಯ ವಿಷಯದಲ್ಲಿಯೂ ಜಿಪುಣತನ ಬೇಡ ಎನ್ನುತ್ತೇನೆ. ಕಂಪ್ರೆಸರ್ ಓಡಿದರೆ ಸಣ್ಣ ಎಂಜಿನ್ನಿನ ಮೈಲೇಜು ಇಳಿಯುವುದು ನಿಜ. ಬೇಸಿಗೆಯ ನಗರ ಓಟದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಜಿನ ಒಳಗೆ ಮಂಜು ಕಟ್ಟುವುದನ್ನು ಬಟ್ಟೆಯಿಂದ ಒರೆಸುತ್ತ ಓಡಿಸುವುದು ಅಪಾಯ. ಹೊರಗೆ ತಂಪಿರುವುದರಿಂದ ಕಂಪ್ರೆಸರಿನ ಮೇಲೆ ಹೊರೆಯೂ ಕಡಿಮೆ. ಉಳಿತಾಯ ಬೇಕಾದವರು ಡಿಕ್ಕಿಯನ್ನು ತೆರೆದು ನೋಡಲಿ. 313 ಲೀಟರಿನ ಡಿಕ್ಕಿ ಈ ಗಾತ್ರದ ಕಾರಿಗೆ ಉದಾರವಾದದ್ದು, ಉದಾರವಾದಷ್ಟೂ ಅದರಲ್ಲಿ ಸಾಮಾನು ಉಳಿದುಹೋಗುತ್ತದೆ: ಗೊಬ್ಬರದ ಚೀಲ, ಹಾರೆ, ತುಂಬಿದ ನೀರಿನ ಕ್ಯಾನು, ಮದುವೆ ಮನೆಯಿಂದ ಬಂದ ಪಾತ್ರೆ. ಐವತ್ತು ಕಿಲೋ ಹೆಚ್ಚಿದರೆ ಶೇ ಒಂದರಷ್ಟು ಮೈಲೇಜು ಹೋಗುತ್ತದೆ, ಏರಿನಲ್ಲಿ ಇನ್ನೂ ಹೆಚ್ಚು. ಬಳಸದ ದಿನಗಳಲ್ಲಿ ಚಾವಣಿಯ ಕ್ಯಾರಿಯರ್ ಕಳಚಿಡುವುದೂ ಒಳ್ಳೆಯದು.

ಸರ್ವಿಸಿನ ಸಮಯದಲ್ಲಿ ಕೈಪಿಡಿಯಲ್ಲಿ ಹೇಳಿದ ದರ್ಜೆಯ ತೆಳು ಎಣ್ಣೆಯನ್ನೇ ಹಾಕಿಸಬೇಕು. ‘ದಪ್ಪ ಎಣ್ಣೆ ಹಾಕಿದರೆ ಎಂಜಿನ್ ಗಟ್ಟಿ’ ಎಂಬ ಮಾತು ಈ ಎಂಜಿನ್ನಿಗೆ ಹೊಂದುವುದಿಲ್ಲ. ಏರ್ ಫಿಲ್ಟರ್ ಮುಚ್ಚಿಕೊಂಡರೆ ಇಂಜೆಕ್ಷನ್ ಎಂಜಿನ್ನಿನಲ್ಲಿ ಮೈಲೇಜಿಗಿಂತ ಹೆಚ್ಚಾಗಿ ಎಳೆತ ಹೋಗುತ್ತದೆ, ಆದರೂ ತೋಟದ ಮಣ್ಣು ದಾರಿಯಲ್ಲಿ ಓಡುವ ಕಾರಿಗೆ ಅದನ್ನು ಬೇಗ ಬೇಗ ನೋಡಿಸುವುದು ಅಗತ್ಯ. ಬಾಟಲಿಯಲ್ಲಿ ಮಾರುವ ಮೈಲೇಜ್ ದ್ರಾವಣಗಳಿಗೆ ಹಣ ಸುರಿಯಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಮೈಲೇಜನ್ನು ಅಳೆಯುವುದು ಹೇಗೆ ಎಂಬುದು ಮುಖ್ಯ, ಏಕೆಂದರೆ ಅಳತೆ ತಪ್ಪಿದರೆ ನಿರ್ಣಯವೂ ತಪ್ಪುತ್ತದೆ. ಯಾವ ಕಾರಿನದ್ದೇ ಆಗಲಿ, ಮೀಟರಿನ ಪರದೆ ತೋರಿಸುವ ಸರಾಸರಿ ಒಂದು ಅಂದಾಜು ಮಾತ್ರ. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯಬೇಕು: ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ, ನಾಜಲ್ ತಾನಾಗಿ ಮೊದಲ ಸಲ ‘ಟಕ್’ ಎಂದು ಕಟ್ ಆಗುವವರೆಗೆ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತರಬೇಕು, ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಬೇಕು. ಇಲ್ಲಿ ಅಡ್ಡ ಬರುವುದು ಬಂಕಿನ ಒಂದು ವಾಡಿಕೆ. ನಾಜಲ್ ಕಟ್ ಆದ ಕೂಡಲೇ ಹುಡುಗ ತಿರುಗಿ ‘ಸಾರ್, ರೌಂಡ್ ಮಾಡ್ಲಾ?’ ಎಂದು ಕೇಳುತ್ತಾನೆ. ನಾವು ತಲೆಯಾಡಿಸುವುದರೊಳಗೆ 1,740 ರೂಪಾಯಿಯನ್ನು 1,800 ಮಾಡಲು ಟ್ಯಾಂಕಿನ ಕುತ್ತಿಗೆಯವರೆಗೆ ಇನ್ನೂ ಅರ್ಧ ಲೀಟರಿಗಿಂತ ಹೆಚ್ಚು ಹಿಡಿಸಿರುತ್ತಾನೆ. ಇಷ್ಟರಿಂದಲೇ ಲೆಕ್ಕದಲ್ಲಿ ಲೀಟರಿಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ‘ಬೇಡಪ್ಪ, ಕಟ್ ಆದಲ್ಲಿಗೆ ಸಾಕು’ ಎಂದು ಮೊದಲೇ ಹೇಳಿಬಿಡಬೇಕು. ಅಳತೆಯ ಮೇಲೆ ಸಂಶಯವಿದ್ದರೆ ಪ್ರತಿ ಬಂಕಿನಲ್ಲೂ ಇರಬೇಕಾದ ಮುದ್ರೆಯೊತ್ತಿದ ಐದು ಲೀಟರಿನ ಮಾಪಕದಲ್ಲಿ ಅಳೆದು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ.

ಹಳೆಯ ದಾಖಲೆ ಇಟ್ಟುಕೊಂಡವರಿಗೆ ಇತ್ತೀಚಿನ ಅಂಕಿ ಸ್ವಲ್ಪ ಕಡಿಮೆ ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ (ಇ20). ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಶೇ 10ರಷ್ಟು ಎಥನಾಲ್ ಇರುವ ಇ10 ಇಂಧನಕ್ಕೆ ಹೊಂದಿಸಿದ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6ರಿಂದ 7ರಷ್ಟು, ಇ20ಗೆಂದೇ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2ರಷ್ಟು ಮೈಲೇಜು ಇಳಿಯಬಹುದೆಂದು ನೀತಿ ಆಯೋಗದ 2021ರ ಎಥನಾಲ್ ವರದಿಯೇ ಅಂದಾಜಿಸಿತ್ತು. ಆದ್ದರಿಂದ ಹಳೆಯ ಕಾರಿನ ಇಂದಿನ 20ನ್ನು ನಾಲ್ಕು ವರ್ಷದ ಹಿಂದಿನ 21ಕ್ಕೆ ಹೋಲಿಸಿ ಎಂಜಿನ್ ಕೆಟ್ಟಿತೆಂದು ಗ್ಯಾರೇಜಿಗೆ ಓಡಬೇಕಾಗಿಲ್ಲ.

ಇನ್ನು ಯಾವ ಮಾದರಿ ಕೊಳ್ಳಬೇಕೆಂಬ ಮಾತು. 15 ಇಂಚಿನ ಅಲಾಯ್ ಚಕ್ರದ ಮೇಲ್ದರ್ಜೆಯ ಕಾರು ನೋಡಲು ಚೆಂದ, ಆದರೆ ಅದರ ಮ್ಯಾನುಯಲ್ ಮಾದರಿಯ ಪ್ರಕಟಿತ ಅಂಕಿ 24.97ಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಳಗಿನ ಮಾದರಿಗಳ 165/70 ಆರ್14 ಟೈರಿನ ಪಕ್ಕದ ಎತ್ತರ 115 ಮಿಲಿಮೀಟರಿದ್ದರೆ 175/60 ಆರ್15 ಟೈರಿನದ್ದು 105 ಮಾತ್ರ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಗಳಲ್ಲಿ ಏಳುವ ಗುಂಡಿಗಳಿಗೆ ಆ ಹತ್ತು ಮಿಲಿಮೀಟರ್ ರಬ್ಬರು ಬೇಕು. ಎಜಿಎಸ್ ಆಟೊಮ್ಯಾಟಿಕ್ ನಗರದಲ್ಲಿ ಆರಾಮ, ಕ್ಲಚ್ ತುಳಿದು ಮೊಣಕಾಲು ನೋಯುವ ಹಿರಿಯರಿಗೆ ನಿಜವಾಗಿ ಉಪಕಾರಿ. ಆದರೆ ಮುಂದೆ ಏರಿದೆಯೋ ಹಂಪಿದೆಯೋ ಎಂಬುದು ಅದಕ್ಕೆ ಕಾಣುವುದಿಲ್ಲವಾದ್ದರಿಂದ ಘಾಟಿಯಲ್ಲಿ ಅದನ್ನು ಮ್ಯಾನುಯಲ್ ಸ್ಥಿತಿಗೆ ಹಾಕಿ ಗೇರನ್ನು ನಾವೇ ಆರಿಸಿಕೊಳ್ಳಬೇಕು. ಕಾಗದದ ಮೇಲೆ ಎಜಿಎಸ್ ಮುಂದಿದ್ದರೂ, ರಸ್ತೆ ಓದಿ ಓಡಿಸುವವರ ಕೈಯಲ್ಲಿ ಮಲೆನಾಡಿನಲ್ಲಿ ಮ್ಯಾನುಯಲ್ಲೇ ಗೆಲ್ಲುತ್ತದೆ ಎಂಬುದು ನನ್ನ ತೀರ್ಮಾನ.

ಸಿಎನ್‌ಜಿ ಮಾದರಿಗೆ ಕಿಲೋಗೆ 35.6 ಕಿ.ಮೀ. ಎಂದು ಬಿಡುಗಡೆಯ ಹೊತ್ತಿಗೆ ಹೇಳಿದ್ದರು, ಅಂಕಿ ಆಕರ್ಷಕವೇ. ಅನಿಲದಲ್ಲಿ ಓಡುವಾಗ ಶಕ್ತಿ 57 ಪಿಎಸ್‌ಗೂ ಎಳೆತ 82 ಎನ್‌ಎಂಗೂ ಇಳಿಯುತ್ತದೆ, ಸಿಲಿಂಡರು ಡಿಕ್ಕಿಯನ್ನು ಬಹುಪಾಲು ನುಂಗುತ್ತದೆ, ಕಾರಿನ ತೂಕವೂ ಏರುತ್ತದೆ. ಶಿವಮೊಗ್ಗ–ಭದ್ರಾವತಿ ನಡುವೆ ದಿನವೂ ಕೆಲಸಕ್ಕೆ ಓಡಾಡುವವರಿಗೆ ಇದು ಯೋಗ್ಯವಾದ ಆಯ್ಕೆ. ಘಾಟಿ ಏರಿಳಿಯುವ, ಊರಿನಿಂದ ಅಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು ತುಂಬಿಕೊಂಡು ಬರುವ ಕುಟುಂಬಗಳಿಗೆ ಪೆಟ್ರೋಲ್ ಮ್ಯಾನುಯಲ್ ವಿಎಕ್ಸ್‌ಐ ಸಾಕು. ಅದರ 32 ಲೀಟರಿನ ಟ್ಯಾಂಕು ಚಿಕ್ಕದೆಂಬ ಆಕ್ಷೇಪ ಕೇಳಿಬರುತ್ತದೆ. 20ರ ಲೆಕ್ಕದಲ್ಲಿಯೂ ಆರುನೂರು ಕಿಲೋಮೀಟರ್ ಬರುವುದರಿಂದ ಜಿಲ್ಲೆಯೊಳಗಿನ ಓಡಾಟಕ್ಕೆ ಅದು ತೊಂದರೆಯಲ್ಲ. ಹೊಸನಗರದಾಚೆ ನಗರ, ಹುಲಿಕಲ್ ಘಾಟಿಯ ಕಡೆ ಕಾಡಿನ ದಾರಿ ಹಿಡಿಯುವ ಮುನ್ನ ಮಾತ್ರ ಸೂಜಿ ಅರ್ಧಕ್ಕಿಂತ ಮೇಲಿದೆಯೇ ಎಂದು ನೋಡಿಕೊಂಡು ಹೊರಡಬೇಕು.